ಎಡಗೈ ಪೆಟ್ಟಿಗೆ

ಸಂಗೀತಕ್ಕೂ ನನಗೂ ಇದ್ದ ಸಂಬಂಧ ಆಸ್ಪತ್ರೆಯ ಕಾಂಪೌಂಡರನಿಗೂ ಆರೋಗ್ಯಕ್ಕೂ ಇರುವಂಥದು. ಕೆಟ್ಟಾಗ ಮಾತ್ರ ನಮ್ಮ ನೆನಪಾಗುತ್ತದೆ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಪ್ರೋಗ್ರಾಂ ಇದ್ದ ದಿನ ಊರಿನ ವಾದ್ಯಗೋಷ್ಠಿಯ ಜೊತೆ ಹೋಗಿ ಆಂಪ್ಲಿಫೈಯರ್ ಮುಂದೆ ಕೂರುತ್ತಿದ್ದೆ. ಹಾಡು ಚೆನ್ನಾಗಿ ಬಂದರೆ ಜನ ಗಾಯಕರ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಮೈಕು ಕುಂಯ್ ಎಂದರೆ ಅಷ್ಟೂ ಜನ ನನ್ನ ಕಡೆ ತಿರುಗುತ್ತಿದ್ದರು. ಕಲಾಪ್ರಪಂಚದಲ್ಲಿ ನನಗೆ ಸಿಕ್ಕ ಮನ್ನಣೆ ಅಷ್ಟೇ.

ಎಂಬತ್ತರ ದಶಕ ಆಗಿನ್ನೂ ಶುರುವಾಗಿತ್ತು. ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಗೋಷ್ಠಿಯ ತಬಲಾ ಮೇಷ್ಟ್ರು ತಮ್ಮೂರು ಹೊನ್ನಾಳಿಯ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಬಲ ಬಗಲಲ್ಲಿ ಬಟ್ಟೆ ಸುತ್ತಿದ ಡಗ್ಗ, ಅಂದರೆ ತಬಲಾ ಜೋಡಿಯಲ್ಲಿ ಎಡಗೈ ಬಾರಿಸುವ ದಪ್ಪ ವಾದ್ಯ; ಎಡಗೈ ಟವೆಲಿನ ಜೋಲಿಯಲ್ಲಿ. ದೀಪಾವಳಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆದಿತ್ತು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಗಿತ್ತು. ಎಡಗಾಲು ಎಳೆದುಕೊಂಡಾದರೂ ಜೊತೆಗೆ ಬರುತ್ತಿತ್ತು. ಎಡಗೈ ಮಾತ್ರ ಭುಜದ ಹತ್ತಿರ ಒಂದಿಷ್ಟು ಅಲ್ಲಾಡುವುದು ಬಿಟ್ಟರೆ ಉಳಿದಂತೆ ಯಾರದೋ ಸಾಮಾನಿನ ಹಾಗೆ ಜೋತು ಬಿದ್ದಿತ್ತು.

ಡಗ್ಗವನ್ನು ಮೇಜಿನ ಮೇಲೆ, ಹೊಟ್ಟೆ ಬಿಚ್ಚಿ ಮಲಗಿದ್ದ ರೇಡಿಯೊಗಳ ನಡುವೆ ಇಟ್ಟರು.

"ಇದರಾಗೆ ಏನೂ ದೋಷ ಇಲ್ಲ ಇಂಜಿನೇರ್ರೆ. ಬಾರಿಸೋ ಕೈ ಕೆಟ್ಟೈತೆ. ಕೈಗೆ ಸ್ಪೇರ್ ಸಿಗ್ತಾವೇನು ನಿಮ್ಮ ಹತ್ರ?"

"ಯಾವ ಮಾಡೆಲ್ಲು?" ಎಂದೆ.

"ಹಳೇದು. ಕಂಪ್ನಿ ಮುಚ್ಚೈತೆ."

ಇಬ್ಬರೂ ನಕ್ಕೆವು. ಆಮೇಲೆ ಅವರು ನಗುವುದನ್ನು ನಿಲ್ಲಿಸಿದರು. ನನಗೆ ನಿಲ್ಲಿಸುವುದು ಸ್ವಲ್ಪ ತಡವಾಯಿತು.

ಗೋಷ್ಠಿಯ ಯಜಮಾನರು ಲೌಡ್‌ಸ್ಪೀಕರ್, ಶಾಮಿಯಾನ ಬಾಡಿಗೆಗೆ ಕೊಡುವವರು. ಕೆಟ್ಟವರಲ್ಲ. ಆದರೆ ಕೆಲಸಕ್ಕೆ ಬಾರದ ಕುರ್ಚಿಯನ್ನು ಗಾಡಿಗೆ ಹೇರುವ ಅಭ್ಯಾಸ ಅವರಿಗೆ ಇರಲಿಲ್ಲ. "ಆಗಸ್ಟ್ ಹದಿನೈದಕ್ಕೆ ನಿಮ್ಮೂರ ಸ್ಕೂಲಾಗೇ ಪ್ರೋಗ್ರಾಂ ಐತಲ್ಲ ಮೇಷ್ಟ್ರೆ, ಅಲ್ಲೀತನ ನೋಡಾನ. ಕೈ ಬಂದ್ರೆ ಸೈ. ಇಲ್ಲಾಂದ್ರೆ ದಾವಣಗೆರೆಯಿಂದ ಒಬ್ರು ಬರಾಕೆ ತಯಾರಿದಾರೆ" ಎಂದು ಹೇಳಿ ಕಳಿಸಿದ್ದರಂತೆ. ಮೇಷ್ಟ್ರು ವೈದ್ಯರು ಕೊಟ್ಟ ಗಡುವನ್ನು ಹೇಳುವ ದನಿಯಲ್ಲಿ ಇದನ್ನು ಹೇಳಿದರು.

"ಬೆಂಗಳೂರಾಗೆ ತಾನೇ ತಾಳ ಹೊಡೆಯೋ ಪೆಟ್ಟಿಗೆ ಬಂದಾವಂತೆ, ಕರೆಂಟಿಂದು. ನನಗೆ ಪೂರಾ ಬ್ಯಾಡ ಕಣ್ರಿ. ಅರ್ಧ ಸಾಕು. ಬಲಗೈ ನಾನು ಬಾರಿಸ್ತೀನಿ. ಎಡಗೈ ನೀವು ಮಾಡಿಕೊಡ್ರಿ."

ನಾನು ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎನ್ನಲು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಡಗ್ಗ ಬಿಟ್ಟು ಹೋಗಿ ಬಸ್ಸು ಹತ್ತಿಯಾಗಿತ್ತು. ನನ್ನ ಬಾಳಿನ ಮುಖ್ಯ ಒಪ್ಪಂದಗಳೆಲ್ಲ ಹೀಗೇ ಆಗಿವೆ.

ಡಗ್ಗದ ಸದ್ದನ್ನು ವಿದ್ಯುತ್ತಿನಲ್ಲಿ ತರುವುದು ಪುಸ್ತಕದಲ್ಲಿ ಸುಲಭ. ಒಂದು ಟ್ರಾನ್ಸಿಸ್ಟರು, ಅದರ ಸುತ್ತ ಕೆಲವು ಕಂಡೆನ್ಸರು, ರೆಸಿಸ್ಟೆನ್ಸು. ಅದಕ್ಕೆ ವಿದ್ಯುತ್ತಿನ ಒಂದು ಪೆಟ್ಟು ಕೊಟ್ಟರೆ ಗಂಟೆಯ ಹಾಗೆ ಮಿಡಿದು ನಿಧಾನವಾಗಿ ಸುಮ್ಮನಾಗಬೇಕು. ಹದ ಕಡಿಮೆಯಾದರೆ ಟಪ್ ಎಂದು ಹುಟ್ಟಿದಲ್ಲೇ ಸಾಯುತ್ತದೆ. ಹದ ಮೀರಿದರೆ ಸುಮ್ಮನಾಗುವುದನ್ನೇ ಮರೆತು ಕೂಗುತ್ತ ಕೂರುತ್ತದೆ. ಪೆಟ್ಟು ಕೊಡುವುದಕ್ಕೆ ಬೇರೆ ಎರಡು ಟ್ರಾನ್ಸಿಸ್ಟರು. ಏತದ ಎರಡು ತುದಿಯಂತೆ ಒಂದು ಏಳುವಾಗ ಇನ್ನೊಂದು ಇಳಿಯುತ್ತ ಲಯ ಹಾಕುತ್ತಿರುತ್ತವೆ. ಲಯ ಹೆಚ್ಚು ಕಡಿಮೆ ಮಾಡಲು ಒಂದು ಗುಂಡಿ. ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಇಷ್ಟನ್ನೂ ಕೂರಿಸಿ, ತಂತಿ ಎಳೆದು, ಅಂಗಡಿಯ ಸ್ಪೀಕರಿಗೆ ಕೊಟ್ಟೆ.

ಮೇಷ್ಟ್ರು ಮುಂದಿನ ಸಲ ಬಂದಾಗ ಕಣ್ಣು ಮುಚ್ಚಿ ಕೇಳಿದರು.

"ಬಾವಿಗೆ ತೆಂಗಿನಕಾಯಿ ಬಿದ್ದಂಗೈತೆ."

ಕಂಡೆನ್ಸರ್ ಬದಲಿಸಿದೆ.

"ಈಗ ಕಾಯಿ ಸಣ್ಣದು."

ಹೀಗೆ ವಾರಗಟ್ಟಲೆ ನಡೆಯಿತು. ಅಂಗಡಿಗಳಲ್ಲಿ ಆಗ ಸಿಗುತ್ತಿದ್ದದ್ದು ಸಿಲಿಕಾನ್ ಜಾತಿಯ ಹೊಸ ಟ್ರಾನ್ಸಿಸ್ಟರುಗಳು. ಅವುಗಳ ಸದ್ದು ಮೇಷ್ಟ್ರ ಮನಸ್ಸಿಗೆ ಬರಲಿಲ್ಲ. ಕೊನೆಗೆ ಸತ್ತ ರೇಡಿಯೊಗಳಿಂದ ಕಿತ್ತಿಟ್ಟ ನನ್ನ ಡಬ್ಬಿಯ ತಳದಲ್ಲಿ ಹಳೆಯ ಜರ್ಮೇನಿಯಂ ಜಾತಿಯದೊಂದು ಸಿಕ್ಕಿತು. ಅದನ್ನು ಹಾಕಿದೆ. ಸದ್ದು ದುಂಡಗಾಗಿ, ತಡವಾಗಿ, ಒಂದಿಷ್ಟು ಗೊರಗೊರ ಸೇರಿಸಿಕೊಂಡು ಬಂತು.

"ಹಾಂ. ಇವನು ಊಟ ಮಾಡ್ಯಾನೆ" ಎಂದರು ಮೇಷ್ಟ್ರು. ಆ ಟ್ರಾನ್ಸಿಸ್ಟರು ಅಲ್ಲೇ ಕಾಯಂ ಆಯಿತು.

ಪೆಟ್ಟು ಯಂತ್ರ ಕೊಡುವುದೋ ಮನುಷ್ಯ ಕೊಡುವುದೋ ಎಂಬ ಚರ್ಚೆಯೂ ಆಯಿತು. ಮೊದಲು ಬಲಮೊಣಕಾಲಿನ ಕೆಳಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಇಟ್ಟು, ಒತ್ತಿದಾಗೆಲ್ಲ ಡಗ್ಗ ನುಡಿಯುವಂತೆ ಮಾಡಿದೆ. ಕೈಗಿದ್ದ ಲಯಜ್ಞಾನ ಮೊಣಕಾಲಿಗೆ ಇರಲಿಲ್ಲ. ಪ್ರತಿ ಪೆಟ್ಟೂ ತಡವಾಗಿ ಬಂದ ನೆಂಟನಂತೆ ಬರುತ್ತಿತ್ತು. ಆದ್ದರಿಂದ ಪೆಟ್ಟು ಯಂತ್ರದ್ದೇ ಎಂದಾಯಿತು. ಸ್ವಿಚ್ಚಿಗೆ ಮೇಷ್ಟ್ರು ಬೇರೆ ಕೆಲಸ ಹೇಳಿದರು.

"ತಾಳದಾಗೆ ಖಾಲಿ ಅಂತ ಒಂದು ಜಾಗ ಬರ್ತೈತಿ. ಅಲ್ಲಿ ಎಡಗೈ ಸುಮ್ನಿರಬೇಕು, ಬಲಗೈ ಒಂದೇ. ಆಮೇಲೆ ಎಡಗೈ ಬಂದು ತುಂಬ್ತೈತಿ. ಒತ್ತಿದ್ರೆ ಪೆಟ್ಟಿಗೆ ಬಾಯಿ ಮುಚ್ಚಬೇಕು, ಬಿಟ್ರೆ ತೆಗೀಬೇಕು. ಹಂಗೆ ಮಾಡಾಕೆ ಆಗ್ತೈತೇನು?"

"ಸದ್ದೇ ಇಲ್ಲದ ಜಾಗಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?"

"ಖಾಲಿ ಚಂದ ಯಾಕೆ ಗೊತ್ತೇನ್ರಿ? ಮುಂದೆ ತುಂಬ್ತೈತಿ ಅಂತ ಕೇಳೋರಿಗೆ ನಂಬಿಕೆ ಇರ್ತೈತಿ."

ನಾನು ತಲೆದೂಗಿದೆ. ಅರ್ಥವಾಗಿ ಅಲ್ಲ. ಬೆಲ್ಲಿನ ಸ್ವಿಚ್ಚು ವ್ಯರ್ಥವಾಗಲಿಲ್ಲ ಎಂಬ ಸಮಾಧಾನಕ್ಕೆ.

ಪೆಟ್ಟಿಗೆಯ ಪ್ರಥಮ ಪ್ರವೇಶ ನ್ಯಾಮತಿಯ ಒಂದು ಮದುವೆಯಲ್ಲಿ, ಸಂಜೆಯ ಹೊತ್ತು. ಯಜಮಾನರು ತಗಡಿನ ಡಬ್ಬವನ್ನು ನೋಡಿ, "ಬಿಸ್ಕತ್ತು ಮುಗಿದಾವೇನ್ರಿ?" ಎಂದು ಕೇಳಿದ್ದು ಬಿಟ್ಟರೆ ಆಕ್ಷೇಪಿಸಲಿಲ್ಲ. ನಮ್ಮ ಗಾಯಕರು ತಾಲ್ಲೂಕು ಕಚೇರಿಯ ಗುಮಾಸ್ತರು. ಕಡತ ವಿಲೇವಾರಿಯಲ್ಲಿ ಎಷ್ಟು ನಿಧಾನವೋ ಹಾಡಿನಲ್ಲೂ ಅಷ್ಟೇ ನಿಧಾನ. ಅವರು ಹಿಂದೆ ಬಿದ್ದಾಗೆಲ್ಲ ಮೇಷ್ಟ್ರು ಇಷ್ಟು ವರ್ಷ ಸದ್ದಿಲ್ಲದೆ ಜೊತೆಗೆ ಹಿಂದೆ ಬಿದ್ದು ಮಾನ ಉಳಿಸಿದ್ದರು. ಪೆಟ್ಟಿಗೆಗೆ ಆ ದಾಕ್ಷಿಣ್ಯ ಇರಲಿಲ್ಲ. ಆದರೂ ಮೊದಲ ಎರಡು ಹಾಡು ಹೇಗೋ ದಾಟಿದವು. ಡಬ್ಬ ದುಪ್ ದುಪ್ ಎಂದಿತು, ಮೇಷ್ಟ್ರ ಬಲಗೈ ಅದರ ಮೇಲೆ ಆಡಿತು, ಜನ ಲಾಡು ತಿಂದರು.

ಆಗ ಗದ್ದೆಗಳಿಗೆ ತ್ರೀ ಫೇಸ್ ಕರೆಂಟು ಬಿಟ್ಟರು.

ಸುತ್ತಲ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನೀರೆತ್ತಲು ಶುರು ಮಾಡಿದವು. ಚಪ್ಪರದ ಬಲ್ಬುಗಳು ನಿಂಬೆಹಣ್ಣಿನ ಬಣ್ಣಕ್ಕೆ ಇಳಿದವು. ಲಯದ ಗುಂಡಿಯನ್ನು ನಾನು ವೋಲ್ಟೇಜಿನ ಮೇಲೆ ಕೆಲಸ ಮಾಡುವಂತೆ ಜೋಡಿಸಿದ್ದೆ. ವೋಲ್ಟೇಜು ಬಿದ್ದಂತೆ ಪೆಟ್ಟಿಗೆಯ ಲಯವೂ ಬಿತ್ತು. ಮದುಮಕ್ಕಳ ಸರಸದ ಹಾಡು ಹೆಣದ ಮುಂದಿನ ಭಜನೆಯ ನಡಿಗೆಗೆ ಬಂತು. ಗಾಯಕರಿಗೆ ಜೀವನದಲ್ಲಿ ಮೊದಲ ಸಲ ತಮ್ಮ ವೇಗದ ಜೊತೆಗಾರ ಸಿಕ್ಕ ಸಂತೋಷವಾಗಿರಬೇಕು, ಕಣ್ಣು ಮುಚ್ಚಿ ಆಲಾಪಕ್ಕೆ ಇಳಿದರು. ನಾನು ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿದೆ, ಗುಂಡಿ ತಿರುಗಿಸಿದೆ, ಅದು ಆಗಲೇ ತುದಿಯಲ್ಲಿತ್ತು. ಅಷ್ಟರಲ್ಲಿ ಎಲ್ಲೋ ಫ್ಯೂಸು ಹೋಗಿ ಪಂಪುಗಳು ನಿಂತಿರಬೇಕು. ಬಲ್ಬುಗಳು ಭಗ್ಗನೆ ಬೆಳಗಿದವು. ಪೆಟ್ಟಿಗೆ ಹುಚ್ಚುಹಿಡಿದ ಕುದುರೆಯಂತೆ ಓಡಿತು. ಮೇಷ್ಟ್ರ ಬಲಗೈ ಅದರ ಹಿಂದೆ, ಬಲಗೈ ಹಿಂದೆ ಹಾರ್ಮೋನಿಯಂ, ಎಲ್ಲರಿಗಿಂತ ಹಿಂದೆ ಗಾಯಕರು.

ಹೆಣ್ಣಿನ ಸೋದರಮಾವ ಎದ್ದು ಬಂದು ಕೇಳಿದರು: "ಯಾಕ್ರಿ, ಲಾಸ್ಟ್ ಬಸ್ಸಿಗೆ ಹೊತ್ತಾತೇನು?"

ಗಾಡಿಯಲ್ಲಿ ವಾಪಸು ಬರುವಾಗ ಯಜಮಾನರು ಮುಂದೆ ಕೂತಿದ್ದರು. ಮೇಷ್ಟ್ರು ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ನನಗೆ ಮಾತ್ರ ಕೇಳುವಂತೆ, "ಪಂಪ್‌ಸೆಟ್ಟಿಗೂ ನನಗೂ ಜುಗಲಬಂದಿ ಆತು" ಎಂದರು.

ರಿಪೇರಿಯವನಿಗೆ ಕಾರಣ ತಿಳಿದರೆ ಅರ್ಧ ದುಃಖ ಕಳೆಯುತ್ತದೆ. ಮೇನ್ ಕರೆಂಟಿನ ಸಹವಾಸ ಬಿಟ್ಟು, ಟಾರ್ಚಿನ ಸೆಲ್ಲುಗಳನ್ನು ಬಿದಿರಿನ ಕೊಳವೆಯಲ್ಲಿ ಸಾಲಾಗಿ ಇಟ್ಟು ಪೆಟ್ಟಿಗೆಗೆ ಕೊಟ್ಟೆ. ಲಯ ಗಟ್ಟಿಯಾಗಿ ನಿಂತಿತು.

ಆದರೆ ಮೇಷ್ಟ್ರ ಮುಖ ಅರಳಲಿಲ್ಲ. "ಇದು ಹೊಡೀತೈತಿ. ಎಳೆಯೋದಿಲ್ಲ" ಎಂದರು. ಡಗ್ಗದ ಮೇಲೆ ಅಂಗೈಯ ಬುಡ ಒತ್ತಿ ಮುಂದಕ್ಕೆ ಜಾರಿಸಿದರೆ ದನಿ ಗೂಂ ಎಂದು ಬಾಗಿ ಏಳುತ್ತದೆಯಲ್ಲ, ಅದು ಪೆಟ್ಟಿಗೆಯಲ್ಲಿ ಇರಲಿಲ್ಲ. ದನಿಯ ಏರಿಳಿತಕ್ಕೆ ಒಂದು ಗುಂಡಿ ಹಾಕಬಹುದಿತ್ತು. ತಿರುಗಿಸುವ ಕೈ ಎಲ್ಲಿ? ಬಲಗೈ ತಬಲದ ಮೇಲಿತ್ತು.

ಆ ದಿನ ಮೇಜಿನ ಮೇಲೆ ಒಂದು ದೊಡ್ಡ ರೇಡಿಯೊ ಇತ್ತು. ಸ್ಟೇಷನ್ ಮುಳ್ಳನ್ನು ಎಳೆಯುವ ಡಯಲ್ ದಾರ ಕಡಿದುಹೋಗಿತ್ತು. ಸಣ್ಣ ರಾಟೆಗಳ ಮೇಲೆ ಹೊಸ ದಾರ ಸುತ್ತುತ್ತ ಕೂತಿದ್ದವನು ಮೇಷ್ಟ್ರ ಜೋತುಬಿದ್ದ ಕೈಯನ್ನು ನೋಡಿದೆ. ಭುಜ ಅಲ್ಲಾಡುತ್ತದೆಯಲ್ಲ. ಒಂದು ನುಣುಪು ಹಲಗೆಯ ಮೇಲೆ ಅವರ ಎಡ ಮುಂಗೈಯನ್ನು ಮಲಗಿಸಿ, ಮಣಿಕಟ್ಟಿಗೆ ಡಯಲ್ ದಾರ ಕಟ್ಟಿ, ದಾರವನ್ನು ರಾಟೆಯ ಮೇಲಿಂದ ತಂದು ಗುಂಡಿಯ ಕಡ್ಡಿಗೆ ಸುತ್ತಿದೆ. ಇನ್ನೊಂದು ತುದಿಗೆ ಸ್ಪ್ರಿಂಗು. ಮೇಷ್ಟ್ರು ಭುಜ ಹಿಂದಕ್ಕೆ ಎಳೆದರೆ ಕೈ ಹಲಗೆಯ ಮೇಲೆ ಇಷ್ಟೇ ಇಷ್ಟು ಜಾರುತ್ತಿತ್ತು. ಗುಂಡಿ ತಿರುಗಿ ದನಿ ಬಾಗುತ್ತಿತ್ತು.

ಅವರು ಮೂರ್ನಾಲ್ಕು ಸಲ ಎಳೆದರು.

"ನನ್ನ ಕೈಯಾಗೆ ಯಾವ ಸ್ಟೇಷನ್ ಹಿಡೀತಾವ್ರಿ?" ಎಂದು ಬೀದಿ ಕಡೆ ನೋಡುತ್ತ ಕೇಳಿದರು.

ಜಗಳೂರಿನ ಪ್ರೋಗ್ರಾಂ ಬಿರುಬೇಸಿಗೆಯಲ್ಲಿ, ಒಂದು ಶೇಂಗಾ ಎಣ್ಣೆ ಗಿರಣಿಯ ಪ್ರಾರಂಭೋತ್ಸವಕ್ಕೆ. ಪೂಜೆ, ಊಟ ಮುಗಿದ ಮೇಲೆ ಮಟಮಟ ಮಧ್ಯಾಹ್ನ ನಮ್ಮ ಸಂಗೀತ. ತಗಡಿನ ಶೆಡ್ಡು. ಒಳಗೆ ಕೂತ ಗಣ್ಯರು ಬೀಸಣಿಗೆ ಸಿಗದೆ ಆಹ್ವಾನ ಪತ್ರಿಕೆ ಬೀಸಿಕೊಳ್ಳುತ್ತಿದ್ದರು. ಹಿಂದೆ ಚೀಲಗಳ ಮೇಲೆ ಗಿರಣಿಯ ಹಮಾಲರು. ನಮ್ಮ ಪೆಟ್ಟಿಗೆಗೆ ಸಿಕ್ಕ ಜಾಗ ಕಿಟಕಿ ಪಕ್ಕದ ಕಬ್ಬಿಣದ ಮೇಜು. ಅದರ ಮೇಲೆ ಬಿಸಿಲು ನೇರ ಬೀಳುತ್ತಿತ್ತು.

ಮೊದಲು ಎಲ್ಲ ಸರಿಯಾಗಿತ್ತು. ಮೂರನೆಯ ಹಾಡಿಗೆ ಡಗ್ಗದ ಸದ್ದು ಉದ್ದವಾಗತೊಡಗಿತು. ಒಂದು ಪೆಟ್ಟು ಸುಮ್ಮನಾಗುವ ಮೊದಲೇ ಇನ್ನೊಂದು ಬಂದು ಅದರ ಬೆನ್ನೇರುತ್ತಿತ್ತು. ನೋಡುತ್ತಿದ್ದಂತೆ ಪೆಟ್ಟುಗಳ ನಡುವಿನ ಸಂದೆಲ್ಲ ತುಂಬಿಕೊಂಡು, ಗೂಂ ಎಂಬ ಒಂದೇ ದನಿ ನಿಂತುಬಿಟ್ಟಿತು. ಪ್ರತಿ ಪೆಟ್ಟಿಗೂ ಅದರ ಮೈ ಜುಮ್ಮೆಂದು ಉಬ್ಬಿ ಇಳಿಯುತ್ತಿತ್ತು. ತಗಡಿನ ಸೂರು ಅದರ ಜೊತೆ ನಡುಗಿತು. ಮೇಷ್ಟ್ರು ಗಾಬರಿಯಾಗಿ ಭುಜ ಎಳೆದರು. ದನಿ ನೆಲದಿಂದ ಎದ್ದು ಅಳುವಿನಂತೆ ಮೇಲಕ್ಕೆ ಹೋಯಿತು. ಸ್ಪ್ರಿಂಗು ಕೈಯನ್ನು ಮತ್ತೆ ಮುಂದಕ್ಕೆ ಎಳೆದಾಗ ಗೊರಗುಟ್ಟುತ್ತ ಇಳಿಯಿತು.

ಗಾಯಕರು ಬಾಯಿ ಮುಚ್ಚಿದರು. ಹಾರ್ಮೋನಿಯಂ ನಿಂತಿತು. ಯಜಮಾನರು ಪರದೆಯ ಮರೆಯಿಂದ ನನಗೆ ಕೈಯಿಂದ ಕತ್ತು ಕೊಯ್ಯುವ ಸನ್ನೆ ಮಾಡಿದರು. ಆಂಪ್ಲಿಫೈಯರಿನ ಗುಂಡಿ ನನ್ನ ಬೆರಳ ತುದಿಯಲ್ಲಿತ್ತು. ಇಂಥ ಹೊತ್ತಿನಲ್ಲಿ ಅದನ್ನು ತಿರುಗಿಸುವುದಕ್ಕೆಂದೇ ಗೋಷ್ಠಿ ನನ್ನನ್ನು ಇಟ್ಟುಕೊಂಡಿತ್ತು.

ಮೇಷ್ಟ್ರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬ್ಯಾಡ ಎಂಬಂತೆ ಗದ್ದ ಅಲ್ಲಾಡಿಸಿದರು. ನಾನು ಬೆರಳು ತೆಗೆದೆ.

ಅವರ ಬಲಗೈ ಮೆಲ್ಲಗೆ ಶುರುವಾಯಿತು. ಆ ಗೂಂಕಾರದ ಮೇಲೆ, ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ಭುಜ ಎಳೆಯಿತು, ದನಿ ಬಾಗಿತು. ಆಮೇಲೆ ಮೊಣಕಾಲು ಸ್ವಿಚ್ಚು ಒತ್ತಿತು. ಗೂಂಕಾರ ಪೂರಾ ನಿಂತು ತಬಲ ಒಂದೇ ಉಳಿಯಿತು. ಖಾಲಿ. ಆಹ್ವಾನ ಪತ್ರಿಕೆ ಬೀಸುವುದೂ ನಿಂತಿತ್ತು. ಸ್ವಿಚ್ಚು ಬಿಟ್ಟರು. ಇಡೀ ಶೆಡ್ಡಿನ ಹೊಟ್ಟೆಗೆ ಗುದ್ದಿದ ಹಾಗೆ ದನಿ ಬಂತು.

ಹಿಂದೆ ಚೀಲಗಳ ಮೇಲಿಂದ ಒಬ್ಬ ವಯಸ್ಸಾದ ಹಮಾಲ ಎದ್ದು, "ಲೇ, ನಮ್ಮ ಇಂಜಿನ್ನು ಹಾಡಾಕೆ ಕಲ್ತೈತಲ್ರೋ" ಎಂದು ಟವೆಲು ಸೊಂಟಕ್ಕೆ ಬಿಗಿದುಕೊಂಡ. ಅವನ ಹಿಂದೆ ಉಳಿದವರು. ಶೇಂಗಾ ಸಿಪ್ಪೆಯ ಧೂಳು ಮೊಳಕಾಲೆತ್ತರ ಎದ್ದಿತು. ಗಣ್ಯರಲ್ಲಿ ಒಬ್ಬರು ಕೂತಲ್ಲೇ ಭುಜ ಕುಣಿಸುತ್ತಿದ್ದರು. ಪದವಿಗೆ ತಕ್ಕುದಲ್ಲವೆಂದು ನೆನಪಾದಾಗೆಲ್ಲ ನಿಲ್ಲಿಸಿ, ಮತ್ತೆ ಮರೆಯುತ್ತಿದ್ದರು. ಮೇಷ್ಟ್ರು ಮತ್ತೆ ಖಾಲಿ ಕೊಟ್ಟರು. ಕುಣಿಯುವವರು ಒಂದು ಕಾಲೆತ್ತಿ ಕಾದರು. ಕೊಟ್ಟಷ್ಟೂ ಸಲ ಅದು ತುಂಬಿ ಬಂತು.

ಇದು ಸಂಗೀತವೇ ಎಂದು ನನ್ನನ್ನು ಕೇಳಬೇಡಿ. ರಾಗ ಇರಲಿಲ್ಲ, ಸಾಹಿತ್ಯ ಇರಲಿಲ್ಲ. ಕೆಟ್ಟುಹೋದ ಒಂದು ಪೆಟ್ಟಿಗೆ, ಕೆಟ್ಟುಹೋದ ಒಂದು ಕೈ. ನನ್ನ ಅನುಭವದಲ್ಲಿ ಎರಡು ಕೆಟ್ಟ ಸಾಮಾನು ಜೋಡಿಸಿದರೆ ಮೂರನೆಯ ಕೆಟ್ಟ ಸಾಮಾನು ಆಗುತ್ತದೆ. ಅಂದು ಹಾಗಾಗಲಿಲ್ಲ.

ಯಜಮಾನರಿಗೆ ಗಿರಣಿಯವರು ಹಾರ ಹಾಕಿದ್ದರು. ಗಾಡಿ ಹತ್ತುವಾಗಲೂ ಅದನ್ನು ತೆಗೆದಿರಲಿಲ್ಲ.

"ಹೊನ್ನಾಳಿಗೆ ಇದೇ ಬೇಕು ಮೇಷ್ಟ್ರೆ. ಹಾಡು ಗೀಡು ಆಮೇಲೆ. ಇದು ಬಂತು ಅಂದ್ರೆ ನೀವಿಲ್ದೆ ನಮ್ಮ ಗೋಷ್ಠಿನೇ ಇಲ್ಲ."

"ಬರ್ಲಿಲ್ಲ ಅಂದ್ರೆ?"

"ದಾವಣಗೆರೆಯವ್ರಿಗೆ ಹೇಳಿ ಇಟ್ಟೀನಿ. ಅವ್ರಿಗೆ ಬ್ಯಾಡ ಅನ್ನಾಕೆ ಕಾರಣ ಕೊಡ್ರಿ, ಅಂತೀನಿ."

ಚನ್ನಗಿರಿಯಲ್ಲಿ ಮಳೆ ಹಿಡಿಯಿತು. ಪೆಟ್ಟಿಗೆ ಒಳ್ಳೆಯ ಮಗುವಾಯಿತು. ದುಪ್ ದುಪ್ ಎಂದು ಪಾಠ ಒಪ್ಪಿಸಿ ಸುಮ್ಮನಾಗುತ್ತಿತ್ತು. ಜಗಳೂರಿನ ದನಿ ಎಲ್ಲಿ ಹೋಯಿತೆಂದು ಪ್ರತಿ ತಂತಿ ತಡವಿ ನೋಡಿದೆ. ಮೇಷ್ಟ್ರು ಭುಜ ಎಳೆದು ಎಳೆದು ನೋವು ಮಾಡಿಕೊಂಡರು. ಕಾರಣ ಗೊತ್ತಾದದ್ದು ನನ್ನ ಮನೆಯ ಅಡುಗೆಮನೆಯಲ್ಲಿ. ತಂಡಿಗೆ ಡಬ್ಬ ಬೆವರೀತೆಂದು ಸಂಜೆ ಅದನ್ನು ಒಲೆಯ ಪಕ್ಕ ಇಟ್ಟು ಸೆಲ್ಲು ಹಾಕಿ ನೋಡುತ್ತಿದ್ದೆ. ಮನೆಯವಳು ರೊಟ್ಟಿ ತಟ್ಟುತ್ತಿದ್ದಳು. ಹಂಚು ಕಾದಂತೆ ಪೆಟ್ಟಿಗೆ ನಿಧಾನಕ್ಕೆ ದನಿ ಎಳೆಯತೊಡಗಿತು.

"ಈಯೋ ಎಮ್ಮೆ ಹಂಗೆ ನರಳ್ತೈತಲ್ರೀ. ಆಚೆ ಒಯ್ರಿ ಅದನ್ನ" ಎಂದಳು.

ಜರ್ಮೇನಿಯಂ ಜಾತಿಗೆ ಅದೊಂದು ರೋಗ. ಬಿಸಿಗೆ ಅದರೊಳಗೆ ವಿದ್ಯುತ್ತು ಸೋರುತ್ತದೆ, ಹದ ಮೀರುತ್ತದೆ. ಇನ್ನೂ ಕಾದರೆ ಸಾಯುತ್ತದೆ. ಕಂಪನಿಗಳು ಆ ಜಾತಿಯನ್ನು ಕೈಬಿಟ್ಟದ್ದು ಅದಕ್ಕೇ. ನಮ್ಮ ಸಂಗೀತ ನಿಂತದ್ದು ಆ ರೋಗದ ಮೇಲೆ.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆ? ಹಲಗಿ ಬಾರ್ಸೋರು ಮೊದ್ಲು ಬೆಂಕಿಗೆ ಹಿಡಿಯೋದಿಲ್ಲೇನ್ರಿ? ಮಳೆಗಾಲದಾಗೆ ನಾನೂ ಡಗ್ಗ ಕಾಸೀನಿ. ಇದನ್ನೂ ಕಾಸಿದ್ರಾತು."

"ಚರ್ಮ ಹರಿದರೆ ಮುಚ್ಚಿಗೆ ಬದಲಿಸಬಹುದು. ಇದು ಹೋದರೆ ನನ್ನ ಹತ್ರ ಇನ್ನೊಂದಿಲ್ಲ. ದಾವಣಗೆರೆ, ಶಿವಮೊಗ್ಗ ಎರಡೂ ಕಡೆ ಕೇಳಿದೆ. ಸಿಲಿಕಾನಿನಲ್ಲಿ ಬೇರೆ ಮಾಡಿಕೊಡ್ತೀನಿ. ಬಿಸಿಲಿಗೂ ಮಳೆಗೂ ಒಂದೇ ಥರ ಇರ್ತದೆ. ನಂಬಬಹುದು."

ಮೇಷ್ಟ್ರು ಯೋಚಿಸಿದರು. "ಅದು ದುಪ್ ಅಂತೈತಿ. ಯಜಮಾನ್ರು ದಾವಣಗೆರೆಯವ್ರನ್ನ ಕರೆಸ್ತಾರೆ. ಇದು ಸತ್ರೂ ಕರೆಸ್ತಾರೆ. ಎರಡಕ್ಕೂ ಒಂದೇ ಆದ್ರೆ ಇದೇ ಇರ್ಲಿ ಬಿಡ್ರಿ." ಜೋತುಬಿದ್ದ ಕೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, "ಜಗಳೂರಾಗೆ ನನ್ನ ಕೈ ನನಗೆ ಬಂದಂಗಾಗಿತ್ತು" ಎಂದರು.

ಕಾಸುವುದಕ್ಕೆ ನಾವು ಆರಿಸಿದ್ದು ಇಸ್ತ್ರಿಪೆಟ್ಟಿಗೆ. ಕೆಂಡ ತುಂಬಿದ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆಯ ಪಕ್ಕ ಡಬ್ಬವನ್ನು ಒಂದು ಗೇಣು ದೂರ ಇಟ್ಟರೆ ದನಿ ಏಳಲು ಶುರು. ಹತ್ತಿರ ತಂದರೆ ಅಳು. ಇನ್ನೂ ಹತ್ತಿರ ತರುವ ಧೈರ್ಯ ಮಾಡಲಿಲ್ಲ. ಮೇಷ್ಟ್ರು ಡಬ್ಬದ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡಿದಂತೆ ನೋಡಿ ದೂರ ಹೇಳುತ್ತಿದ್ದರು. ಆಷಾಢವೆಲ್ಲ ಹೀಗೆ ಕಳೆಯಿತು. ಅಂಗಡಿ ಮುಂದೆ ಹೋಗುವವರು ನಾನು ರೇಡಿಯೊ ಬಿಟ್ಟು ಬಟ್ಟೆ ಇಸ್ತ್ರಿ ಹಿಡಿದೆನೆಂದು ತಿಳಿದು, ಒಬ್ಬಿಬ್ಬರು ಷರಟು ತಂದು ಕೊಟ್ಟದ್ದೂ ಉಂಟು.

ಹೊನ್ನಾಳಿಯ ಶಾಲೆಯ ಹಾಲಿನಲ್ಲಿ ಆಗಸ್ಟ್ ಹದಿನೈದರ ಸಂಜೆ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಸೋನೆಮಳೆ. ಮುಂದಿನ ಸಾಲಿನಲ್ಲಿ ಮೇಷ್ಟ್ರ ಮನೆಯವರು, ಕೇರಿಯವರು. ಎಡಗೈ ಹೋದವನು ಹೇಗೆ ಬಾರಿಸುತ್ತಾನೆಂದು ನೋಡಲು ಬಂದ ಇನ್ನೂ ಎಷ್ಟೋ ಜನ. ಪಕ್ಕದ ಬೀದಿಯ ಅಗಸರಿಂದ ಇಸ್ತ್ರಿಪೆಟ್ಟಿಗೆ ತಂದು, ಭಾಷಣ ಮುಗಿಯುವ ಹೊತ್ತಿಗೆ ಹದಕ್ಕೆ ಬರುವಂತೆ ಲೆಕ್ಕ ಹಾಕಿ ಕೆಂಡ ತುಂಬಿಸಿದ್ದೆವು. ಆದರೆ ಸ್ವಾತಂತ್ರ್ಯದ ಬಗ್ಗೆ ಮಾತನಾಡಲು ನಿಂತವರು ಬೇಗ ಕೂತದ್ದನ್ನು ನಾನು ಕಂಡಿಲ್ಲ. ಹದ ಬಂತು, ಭಾಷಣ ಮುಗಿಯಲಿಲ್ಲ. ಡಬ್ಬ ದೂರ ಸರಿಸಿದೆ. ಮುಗಿಯಿತೆನ್ನುವಾಗ ಹತ್ತಿರ ತಂದೆ. ಭಾಷಣಕಾರರಿಗೆ ಇನ್ನೊಬ್ಬ ಹುತಾತ್ಮರ ನೆನಪಾಯಿತು. ಮತ್ತೆ ದೂರ. ಕೆಂಡಕ್ಕೆ ಬೂದಿ ಮುಚ್ಚಿತು, ಊದಿದೆ, ಭಗ್ಗೆಂದಿತು. ಪರದೆಯ ಹಿಂದೆ ಮೊಣಕಾಲೂರಿ ಕೂತು, ದೇಶ ಬೇಗ ಸ್ವತಂತ್ರವಾಗಲಿ ಎಂದು ಅಷ್ಟು ಕಳಕಳಿಯಿಂದ ಬೇಡಿದವನು ಆ ಹಾಲಿನಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೂ ಪರದೆ ಎದ್ದಿತು. ಮೇಷ್ಟ್ರು ಡಬ್ಬದ ಮೇಲೆ ಅಂಗೈ ಇಟ್ಟರು. "ಸ್ವಲ್ಪ ಜಾಸ್ತಿ ಆತು" ಎಂದರು. ಯಜಮಾನರು ಆಗಲೇ ಮೈಕಿನಲ್ಲಿ ಅವರ ಹೆಸರು ಕೂಗಿಯಾಗಿತ್ತು.

ಶುರುವಾಯಿತು. ಜಗಳೂರಿನದಕ್ಕಿಂತ ಚೆನ್ನಾಗಿ ಶುರುವಾಯಿತು. ನೆಲದಡಿಯಿಂದ ಬಂದಂಥ ದನಿ. ಕಿಟಕಿಯ ಗಾಜು ಗಡಗಡ ಅದುರಿತು. ಮೇಷ್ಟ್ರ ಭುಜ ಎಳೆದಂತೆ ಬಾಗಿ ಎದ್ದು, ಬಲಗೈಗೆ ಬಂದು ಆತು ನಿಂತಿತು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಮನೆಯವರು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೂತಿದ್ದರು. ಹಿಂದಿನ ಬೆಂಚಿನವರು ಎದ್ದರು. ಯಜಮಾನರು ನನ್ನ ಹೆಗಲ ಮೇಲೆ ಕೈ ಹಾಕಿದರು. ಅದು ಅವರ ಪದ್ಧತಿಯಲ್ಲ.

ಮೇಷ್ಟ್ರು ಮೊಣಕಾಲು ಒತ್ತಿದರು. ಖಾಲಿ. ತಬಲ ಒಂದೇ, ಸ್ಫುಟವಾಗಿ, ಮಳೆಯ ಸದ್ದಿನ ಮೇಲೆ. ಎದ್ದವರು ಕಾಲೆತ್ತಿ ಕಾದರು. ಮೊಣಕಾಲು ಬಿಟ್ಟರು.

ಏನೂ ಬರಲಿಲ್ಲ.

ಇನ್ನೊಮ್ಮೆ ಒತ್ತಿ ಬಿಟ್ಟರು. ನಾನು ತಂತಿ ಮುಟ್ಟಿದೆ, ಸೆಲ್ಲು ಒತ್ತಿದೆ, ಸ್ಪೀಕರ್ ನೋಡಿದೆ. ಎಲ್ಲ ಸರಿ ಇತ್ತು. ಸರಿ ಇಲ್ಲದ್ದು ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದು ಮಾಡುವುದೇನೂ ಇರಲಿಲ್ಲ.

ಮೇಷ್ಟ್ರು ಬಲಗೈ ನಿಲ್ಲಿಸಲಿಲ್ಲ. ಖಾಲಿಯ ಮೇಲೆ ಖಾಲಿ ಬಾರಿಸುತ್ತ ಹೋದರು. ತುಂಬಬೇಕಾದ ಜಾಗ ಬಂದಾಗೆಲ್ಲ ಇಡೀ ಹಾಲು ಒಂದು ಕೂದಲೆಳೆಯಷ್ಟು ಮುಂದಕ್ಕೆ ಬಾಗುತ್ತಿತ್ತು. ಜಾಗ ಹಾಗೇ ದಾಟಿ ಹೋಗುತ್ತಿತ್ತು. ಎದ್ದವರು ಒಬ್ಬೊಬ್ಬರಾಗಿ ಸದ್ದಾಗದಂತೆ ಕೂತರು. ಕೊನೆಗೆ ಮೇಷ್ಟ್ರು ಮೊಣಕಾಲು ಬಿಡಬೇಕಾದ ತಾಳದ ಮಾತ್ರೆಗೆ ಸರಿಯಾಗಿ ತಬಲದ ಅಂಚಿನ ಮೇಲೆ ಒಂದು ಪೆಟ್ಟು ಕೊಟ್ಟು, ಒಂದೇ ಕೈಯಲ್ಲಿ ನಮಸ್ಕಾರ ಮಾಡಿದರು. ಚಪ್ಪಾಳೆ ಬಂತು. ಸ್ವಂತ ಊರಿನವರು ಸ್ವಂತ ಮನುಷ್ಯನಿಗೆ ತಟ್ಟುವಂಥದು.

ಯಜಮಾನರು ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ತಾವೇ ಕೂತು ಮೈಕಿನ ವೈರು ಸುತ್ತಿದರು. ಆಮೇಲೆ ಮೇಷ್ಟ್ರ ಹತ್ತಿರ ಬಂದು, "ಊಟ ಮಾಡ್ಕೊಂಡು ಹೋಗ್ರಿ ಮೇಷ್ಟ್ರೆ, ಮಳಿ ಐತೆ" ಎಂದರು. ಮೇಷ್ಟ್ರ ಮನೆ ಮುಂದಿನ ಬೀದಿಯಲ್ಲೇ ಇತ್ತು. ನಾನು ಅವರ ಮಣಿಕಟ್ಟಿನಿಂದ ಡಯಲ್ ದಾರ ಬಿಚ್ಚಿದೆ. ಗಂಟು ಬಿಗಿದಿತ್ತು, ಹಲ್ಲಿನಿಂದ ಕಡಿಯಬೇಕಾಯಿತು.

ಸಿಲಿಕಾನಿನ ಪೆಟ್ಟಿಗೆ ಮಾಡಿದೆ. ಮೇಷ್ಟ್ರು ಬಂದು ಕೇಳಿ, "ಭಾಳ ಒಳ್ಳೇದೈತೆ" ಎಂದು ಹೇಳಿ ಅಂಗಡಿಯಲ್ಲೇ ಬಿಟ್ಟು ಹೋದರು. ಗೋಷ್ಠಿಗೆ ದಾವಣಗೆರೆಯವರು ಬಂದರು. ಎರಡೂ ಕೈ ಚೆನ್ನಾಗಿತ್ತು, ಜನವೂ ಒಳ್ಳೆಯವರು. ಮೇಷ್ಟ್ರು ಚನ್ನಗಿರಿಗೆ ಬಂದಾಗ ಬಸ್ಸಿಗೆ ಹೊತ್ತಿದ್ದರೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಡಗ್ಗದ ಮಾತು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅವರು ಹಾಗೆ ಕೂತಿದ್ದರು. ಗೋವಾ ದಾರಿಯಲ್ಲಿ ಓಡಾಡುವ ಒಬ್ಬ ಲಾರಿ ಡ್ರೈವರು ಟೇಪ್‌ರೆಕಾರ್ಡರ್ ತಂದಿದ್ದ. ಹಾಡು ಎಳೆಯುತ್ತದೆ ಎಂದು ದೂರು. ಬೆಲ್ಟು ಸಡಿಲವಾಗಿತ್ತು, ಬದಲಿಸಿದೆ. ಪರೀಕ್ಷೆಗೆಂದು ಒಳಗಿದ್ದ ಕ್ಯಾಸೆಟ್ಟನ್ನೇ ಹಾಕಿದೆ.

ದುಪ್ ದುಪ್ ದುಪ್ ಎಂದು ಎಲ್ಲೂ ತಪ್ಪದ ಪೆಟ್ಟು. ಅದರ ಮೇಲೆ, ಗೊರಗುಟ್ಟುತ್ತ, ಬಾಗಿ ಅಳುತ್ತ ಏಳುವ ಒಂದು ದನಿ. ರಾಗವಿಲ್ಲ, ಸಾಹಿತ್ಯವಿಲ್ಲ. ನನ್ನ ಕೈ ನಿಲ್ಲಿಸುವ ಗುಂಡಿಯ ಮೇಲೆ ಹೋಗಿ ಅಲ್ಲೇ ಉಳಿಯಿತು.

"ಫಾರಿನ್‌ನೋರದು" ಎಂದ ಡ್ರೈವರು. "ಗೋವಾದಾಗೆ ಸಿಕ್ತು. ಬರೀ ಮಿಷಿನ್ನೇ ಬಾರಿಸೋದಂತೆ. ಟೆಕ್ನೊ ಅಂತಾನೋ ಏನೋ ಅಂತಾರೆ. ನಿದ್ದೆ ಬರಬಾರ್ದು ಅಂತ ಹಾಕ್ಕೊಂತೀನ್ರಿ."

ಕ್ಯಾಸೆಟ್ಟಿನಲ್ಲಿ ಪೆಟ್ಟು ನಿಂತಿತು. ದೊಡ್ಡ ದನಿಯೂ ನಿಂತು, ಚಿಟಿಕೆಯಂಥ ಸಣ್ಣ ಸದ್ದೊಂದೇ ಉಳಿಯಿತು. ಬೆಂಚಿನ ಮೇಲೆ ಮೇಷ್ಟ್ರ ಬಲಮೊಣಕಾಲು ಕೆಳಕ್ಕೆ ಒತ್ತಿಕೊಂಡದ್ದನ್ನು ನೋಡಿದೆ. ಕಾದರು. ಮೊಣಕಾಲು ಸಡಿಲಿಸಿದರು. ಸರಿಯಾಗಿ ಆ ಮಾತ್ರೆಗೇ ಅದು ತುಂಬಿಕೊಂಡು ಬಂತು.

ಹಾಡು ಮುಗಿಯುವವರೆಗೂ ಅವರು ಮುಚ್ಚಿದ ಕಣ್ಣು ತೆಗೆಯಲಿಲ್ಲ. ತೆಗೆದ ಮೇಲೆ ಟೇಪ್‌ರೆಕಾರ್ಡರನ್ನು ಕನಿಕರದಿಂದ ನೋಡಿದರು.

"ಯಾರೋ ಏನೋ, ಪಾಪ" ಎಂದರು. "ಇವನಿಗೂ ಎಡಗೈ ಹೋಗೈತೆ."